ಉಲ್ಕಾಶಿಲೆಯ ಮೆಗ್ನೀಸಿಯಂ: 456 ಕೋಟಿ ವರ್ಷದ ಕಲ್ಲಿನಲ್ಲಿ ಒಂದು ಲಕ್ಷ ವರ್ಷದ ಲೆಕ್ಕ ಹೇಗೆ ಸಿಗುತ್ತದೆ?

ಪ್ರಶ್ನೆ: ಸರ್, ನಾನು ಮುಳಬಾಗಿಲು ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಉಲ್ಕಾಶಿಲೆಯ ಖನಿಜಗಳಲ್ಲಿ ಮೆಗ್ನೀಸಿಯಂ ಐಸೊಟೋಪುಗಳನ್ನು (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳನ್ನು) ಅಳೆದು, ಸೌರಮಂಡಲದ ಮೊದಲ ಕೆಲವು ಲಕ್ಷ ವರ್ಷಗಳಲ್ಲಿ ಏನು ನಡೆಯಿತು ಎಂದು ಹೇಳುತ್ತಾರೆ ಅಂತ ಓದಿದೆ. 456 ಕೋಟಿ ವರ್ಷದ ಕಲ್ಲಿನಲ್ಲಿ ಲಕ್ಷದ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ? ಅದಕ್ಕೆ ಮೆಗ್ನೀಸಿಯಮ್ಮೇ ಯಾಕೆ? ಅಷ್ಟು ಸಣ್ಣ ವ್ಯತ್ಯಾಸ ಮೆಷಿನ್‌ನದ್ದೇ ತಪ್ಪಲ್ಲ ಎಂದು ನಂಬುವುದು ಹೇಗೆ? ನಮ್ಮ ಕೋಲಾರದ ಬಂಡೆಗಳಲ್ಲೂ ಹೀಗೆ ಅಳೆಯಬಹುದಾ? ಇನ್ನೊಂದು, ಒಬ್ಬ ಹುಡುಗ ಕೆರೆಯಂಗಳದಲ್ಲಿ ಸಿಕ್ಕ ಭಾರವಾದ ಕರಿಕಲ್ಲು ತಂದು ಇದು ಉಲ್ಕೆಯಾ ಅಂತ ಕೇಳುತ್ತಿದ್ದಾನೆ. ಅವನಿಗೂ ಏನಾದರೂ ಹೇಳಿ.

ಉತ್ತರ: ಮೇಷ್ಟ್ರೇ, ನಿಮ್ಮ ಪ್ರಶ್ನೆಗಳಲ್ಲಿ ಮೆಷಿನ್ನನ್ನು ನಂಬುವುದು ಹೇಗೆ ಎನ್ನುವುದೇ ಮುಖ್ಯವಾದದ್ದು. ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ಈ ವಿಷಯದ ಬಗ್ಗೆ ಬರೆಯುವವರು ಸಾಮಾನ್ಯವಾಗಿ "ಮೆಗ್ನೀಸಿಯಂ-26 ಜಾಸ್ತಿ ಸಿಕ್ಕಿತು, ಹಾಗಾಗಿ ಈ ಕಣ ಬಹಳ ಮೊದಲು ಹುಟ್ಟಿದ್ದು" ಎಂದು ಒಂದೇ ಉಸಿರಿನಲ್ಲಿ ಮುಗಿಸಿಬಿಡುತ್ತಾರೆ. ಜಾಸ್ತಿ ಸಿಕ್ಕಿತು ಅನ್ನುವುದರಿಂದ ಏನೂ ಸಾಬೀತಾಗುವುದಿಲ್ಲ. ಕಲ್ಲು ಬಿಸಿಯಾಗಿ ಆವಿಯಾದರೂ ಜಾಸ್ತಿಯಾಗುತ್ತದೆ, ಮೆಷಿನ್ ಸರಿಯಾಗಿ ಹೊಂದಿಸದಿದ್ದರೂ ಜಾಸ್ತಿ ಕಾಣುತ್ತದೆ. ಆ ಜಾಸ್ತಿ ಭಾಗ ಅಲ್ಯೂಮಿನಿಯಂನ ಹಿಂದೆ ಹಿಂದೆಯೇ ಹೋಗುತ್ತಿದೆಯಾ ಎಂದು ನೋಡಬೇಕು. ಇಡೀ ಕೆಲಸದ ಜೀವಾಳ ಅದು, ಅಲ್ಯೂಮಿನಿಯಂ ಯಾಕೆ ಎಂದು ಮುಂದೆ ಹೇಳುತ್ತೇನೆ.

ಮೊದಲು ಕೋಟಿ-ಲಕ್ಷದ ಗೊಂದಲ ಬಿಡಿಸೋಣ. ಇಲ್ಲಿ ಎರಡು ಬೇರೆ ಬೇರೆ ಲೆಕ್ಕಗಳಿವೆ. 456 ಕೋಟಿ ಅನ್ನುವುದು ಯುರೇನಿಯಂ ಸೀಸವಾಗುವ ಲೆಕ್ಕದಿಂದ ಬಂದದ್ದು. ಉಲ್ಕಾಶಿಲೆಗಳಲ್ಲಿ ಸಿಗುವ ಅತಿ ಹಳೆಯ ಘನವಸ್ತುವಿಗೆ ಆ ಲೆಕ್ಕ ಕೊಡುವ ವಯಸ್ಸು 456.73 ಕೋಟಿ ವರ್ಷ. ಅದು ಇವತ್ತಿನಿಂದ ಹಿಂದಕ್ಕೆ ಎಣಿಸಿದ್ದು. ಮೆಗ್ನೀಸಿಯಂ ಲೆಕ್ಕ ಇವತ್ತಿನಿಂದ ಎಣಿಸುವುದೇ ಇಲ್ಲ. ಎರಡು ಕಣಗಳಲ್ಲಿ ಯಾವುದು ಮೊದಲು ಗಟ್ಟಿಯಾಯಿತು, ಇನ್ನೊಂದು ಎಷ್ಟು ತಡವಾಗಿ ಗಟ್ಟಿಯಾಯಿತು ಎಂದಷ್ಟೇ ಅದು ಹೇಳುತ್ತದೆ. 456 ಕೋಟಿಯಲ್ಲಿ ಲಕ್ಷವನ್ನು ಹುಡುಕುವ ತಾಪತ್ರಯವೇ ಅದಕ್ಕಿಲ್ಲ, ನೇರವಾಗಿ ಲಕ್ಷದಲ್ಲೇ ಅಳೆಯುತ್ತದೆ.

ಯಾಕೆ ಮೆಗ್ನೀಸಿಯಂ? ಪ್ರಕೃತಿಯಲ್ಲಿ ಅದಕ್ಕೆ ಮೂರು ಸ್ಥಿರ ಐಸೊಟೋಪುಗಳಿವೆ. 24 ತೂಕದ್ದು ಶೇಕಡಾ 79ರಷ್ಟು, 25 ತೂಕದ್ದು ಶೇ. 10, 26 ತೂಕದ್ದು ಶೇ. 11. ಈ ಮೂರೂ ತಾವಾಗಿ ಬದಲಾಗುವುದಿಲ್ಲ. ಆದರೆ ಸೌರಮಂಡಲ ಹುಟ್ಟುವಾಗ ಅಲ್ಯೂಮಿನಿಯಂ-26 ಎಂಬ ವಿಕಿರಣಶೀಲ ಪರಮಾಣು ಸ್ವಲ್ಪ ಇತ್ತು. ನಾವು ಪಾತ್ರೆಗೆ ಬಳಸುವ ಅಲ್ಯೂಮಿನಿಯಂ ಪೂರ್ತಿ 27 ತೂಕದ್ದು. 26 ತೂಕದ್ದು ನಿಲ್ಲುವುದಿಲ್ಲ, ಅದು ಮೆಗ್ನೀಸಿಯಂ-26 ಆಗಿ ಬದಲಾಗುತ್ತದೆ. ಅದರ ಅರ್ಧಾಯು ಸುಮಾರು 7.17 ಲಕ್ಷ ವರ್ಷ. ಅಂದರೆ ಮೊದಲ ಏಳು ಲಕ್ಷ ವರ್ಷ ಚಿಲ್ಲರೆಯಲ್ಲಿ ಅರ್ಧ ಹೋಯಿತು, ಇನ್ನೊಂದು ಏಳು ಲಕ್ಷದಲ್ಲಿ ಉಳಿದದ್ದರ ಅರ್ಧ. ಒಂದು ಕೋಟಿ ವರ್ಷ ಕಳೆಯುವಷ್ಟರಲ್ಲಿ ಹದಿನಾಲ್ಕು ಸಲ ಅರ್ಧವಾಗಿ, 16 ಸಾವಿರದಲ್ಲಿ ಒಂದು ಪಾಲು ಉಳಿದಿರುತ್ತದೆ ಅಷ್ಟೆ. ಆ ಆದಿಯ ಅಲ್ಯೂಮಿನಿಯಂ-26ರಲ್ಲಿ ಇವತ್ತು ಒಂದು ಪರಮಾಣುವೂ ಇಲ್ಲ. ಅದು ಬಿಟ್ಟುಹೋದ ಮೆಗ್ನೀಸಿಯಂ-26 ಮಾತ್ರ ಇದೆ.

ಇದು ಸುಮ್ನೆ ಒಂದು ಗಡಿಯಾರ ಅಂತ ಜನ ಆಸಕ್ತಿ ತೋರಿದ್ದಲ್ಲ. 1955ರಲ್ಲೇ ಅಮೆರಿಕದ ರಸಾಯನ ವಿಜ್ಞಾನಿ ಹೆರಾಲ್ಡ್ ಯೂರಿ ಒಂದು ಮಾತು ಹೇಳಿದ್ದರು. ಸಣ್ಣ ಕ್ಷುದ್ರಗ್ರಹಗಳು ಒಳಗಿನಿಂದ ಕರಗಿದ್ದಕ್ಕೆ ಗುರುತುಗಳಿವೆ, ಅಷ್ಟು ಸಣ್ಣ ಕಾಯಕ್ಕೆ ಆ ಶಾಖ ಎಲ್ಲಿಂದ ಬರಬೇಕು? ಯುರೇನಿಯಂ, ಥೋರಿಯಂ ಶಾಖ ಕೊಡುವುದು ಬಹಳ ನಿಧಾನ, ಸಣ್ಣ ಕಾಯ ಅಷ್ಟರಲ್ಲಿ ತಣ್ಣಗಾಗಿಬಿಡುತ್ತದೆ. ಬೇಗ ಉರಿದು ಮುಗಿಯುವ ಅಲ್ಯೂಮಿನಿಯಂ-26 ಆದರೆ ಸಾಧ್ಯ ಎಂದರು. ಒಳ್ಳೆಯ ಊಹೆ, ಆದರೆ ಸಾಕ್ಷಿ ಇರಲಿಲ್ಲ. ಸಾಕ್ಷಿಗೆ ಸರಿಯಾದ ಕಲ್ಲು ಬೇಕಿತ್ತು, ಸರಿಯಾದ ಮೆಷಿನ್ನೂ ಬೇಕಿತ್ತು.

ಎರಡೂ ಒಟ್ಟಿಗೆ ಕೂಡಿಬಂದದ್ದು 1969ರಲ್ಲಿ. ಆ ವರ್ಷ ಫೆಬ್ರವರಿ 8ರಂದು ಮೆಕ್ಸಿಕೋದ ಚಿವಾವಾ ರಾಜ್ಯದಲ್ಲಿ ಅಯೆಂದೆ ಎಂಬ ಹಳ್ಳಿಯ ಸುತ್ತ ಟನ್‌ಗಟ್ಟಲೆ ಉಲ್ಕಾಶಿಲೆ ಬಿತ್ತು. ಜುಲೈನಲ್ಲಿ ಅಪೊಲೊ-11 ಚಂದ್ರನ ಕಲ್ಲು ತಂದಿತು. ಚಂದ್ರನ ಕಲ್ಲಿಗಾಗಿ ಎಂದು ಕಟ್ಟಿದ್ದ ಅತಿ ಸೂಕ್ಷ್ಮ ಲ್ಯಾಬುಗಳು ಅಯೆಂದೆ ಕಲ್ಲಿಗೂ ಒದಗಿದವು. ಆ ಕಲ್ಲನ್ನು ಕೊಯ್ದರೆ ಬೂದು ಬಣ್ಣದ ಮೈಯಲ್ಲಿ ಬಿಳಿ ಬಿಳಿ ತುಣುಕುಗಳು ಕಾಣುತ್ತವೆ. ಕ್ಯಾಲ್ಸಿಯಂ, ಅಲ್ಯೂಮಿನಿಯಂ ತುಂಬಿದ ತುಣುಕುಗಳು. ಬಿಸಿ ಅನಿಲ ತಣ್ಣಗಾಗುವಾಗ ಎಲ್ಲಕ್ಕಿಂತ ಮೊದಲು ಘನವಾಗುವ ಖನಿಜಗಳು ಇವೇ. ಮೇಲೆ ಹೇಳಿದ 456.73 ಕೋಟಿ ಇಂಥ ತುಣುಕುಗಳ ವಯಸ್ಸೇ. 1976-77ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯ ಟೈಫೂನ್ ಲೀ, ಡಿಮಿಟ್ರಿ ಪಪನಾಸ್ಟಾಸಿಯು, ಜೆರಾಲ್ಡ್ ವಾಸರ್‌ಬರ್ಗ್ ಈ ಮೂವರು ಅಂಥ ಒಂದು ತುಣುಕಿನ ಅನಾರ್ಥೈಟ್ ಖನಿಜದಲ್ಲಿ ಮೆಗ್ನೀಸಿಯಂ-26 ಸ್ಪಷ್ಟವಾಗಿ ಜಾಸ್ತಿ ಇರುವುದನ್ನು ತೋರಿಸಿದರು. ಅಷ್ಟೇ ಆಗಿದ್ದರೆ ನಾನು ಅದನ್ನು ಸಾಕ್ಷಿ ಅನ್ನುತ್ತಿರಲಿಲ್ಲ. ಅದೇ ತುಣುಕಿನ ಬೇರೆ ಬೇರೆ ಖನಿಜಗಳನ್ನು ಅಳೆದು, ಎಲ್ಲಿ ಅಲ್ಯೂಮಿನಿಯಂ ಜಾಸ್ತಿಯೋ ಅಲ್ಲಿ ಮೆಗ್ನೀಸಿಯಂ-26 ಅದೇ ಪ್ರಮಾಣದಲ್ಲಿ ಜಾಸ್ತಿ ಎಂದೂ ತೋರಿಸಿದರು. ಅದು ಸಾಕ್ಷಿ.

ಇದನ್ನು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಬಹುದು. ಅಡ್ಡ ಗೆರೆಯ ಮೇಲೆ ಖನಿಜದಲ್ಲಿ ಮೆಗ್ನೀಸಿಯಂ-24ಕ್ಕೆ ಎಷ್ಟು ಪಟ್ಟು ಅಲ್ಯೂಮಿನಿಯಂ-27 ಇದೆ ಎಂದು ಬರೆಯಿರಿ. ಉದ್ದ ಗೆರೆಯ ಮೇಲೆ ಮೆಗ್ನೀಸಿಯಂ-26 ಎಷ್ಟು ಜಾಸ್ತಿ ಎಂದು. ಸ್ಪಿನೆಲ್ ಎಂಬ ಖನಿಜದಲ್ಲಿ ಒಂದು ಮೆಗ್ನೀಸಿಯಂಗೆ ಎರಡು ಅಲ್ಯೂಮಿನಿಯಂ. ಮೆಗ್ನೀಸಿಯಂ-24 ಒಂದನ್ನೇ ಲೆಕ್ಕ ಹಿಡಿದರೆ ಅನುಪಾತ 2.5ರಷ್ಟು. ಅನಾರ್ಥೈಟ್‌ನಲ್ಲಿ ಮೆಗ್ನೀಸಿಯಂ ಇರಬೇಕಾದ್ದೇ ಇಲ್ಲ, ಎಲ್ಲೋ ಸ್ವಲ್ಪ ನುಸುಳಿರುತ್ತದೆ. ಅಲ್ಲಿ ಅನುಪಾತ ಕೆಲವು ನೂರಕ್ಕೆ ಹೋಗುತ್ತದೆ, 300 ಎಂದು ಇಟ್ಟುಕೊಳ್ಳಿ. ಆದಿಯಲ್ಲಿ ಒಂದು ಲಕ್ಷ ಅಲ್ಯೂಮಿನಿಯಂ-27ಕ್ಕೆ ಸುಮಾರು 5.2 ಅಲ್ಯೂಮಿನಿಯಂ-26 ಇತ್ತು ಎಂಬುದು ಇವತ್ತು ಎಲ್ಲರೂ ಬಳಸುವ ಅಂಕಿ. ಅದನ್ನು ಗುಣಿಸಿ ನೋಡಿ. ಅನಾರ್ಥೈಟ್‌ನಲ್ಲಿ ಮೆಗ್ನೀಸಿಯಂ-26 ಇರಬೇಕಾದ್ದಕ್ಕಿಂತ ಶೇ. 11ರಷ್ಟು ಜಾಸ್ತಿ ಬರುತ್ತದೆ. ಸ್ಪಿನೆಲ್‌ನಲ್ಲಿ ಸಾವಿರಕ್ಕೆ ಒಂದಕ್ಕೂ ಸ್ವಲ್ಪ ಕಡಿಮೆ. ಒಂದೇ ತುಣುಕಿನೊಳಗೆ, ಕೂದಲೆಳೆಯ ದೂರದಲ್ಲಿರುವ ಎರಡು ಖನಿಜಗಳಲ್ಲಿ ಇಷ್ಟು ವ್ಯತ್ಯಾಸ. ಬಿಂದುಗಳೆಲ್ಲ ಒಂದೇ ನೇರ ಗೆರೆಯ ಮೇಲೆ ಕೂತರೆ, ಆ ಗೆರೆಯ ಇಳಿಜಾರೇ ತುಣುಕು ಗಟ್ಟಿಯಾದಾಗ ಇದ್ದ ಅಲ್ಯೂಮಿನಿಯಂ-26ರ ಪ್ರಮಾಣ. ತಡವಾಗಿ ಗಟ್ಟಿಯಾದ ಕಣದಲ್ಲಿ ಗೆರೆ ಮಲಗಿರುತ್ತದೆ.

ಒಬ್ಬ ಚುರುಕು ಹುಡುಗಿ ಇಲ್ಲಿ ಕೇಳಬಹುದು: ಆ ಮೆಗ್ನೀಸಿಯಂ-26 ಬೇರೆಲ್ಲೋ, ಸೂರ್ಯನಿಗಿಂತ ಮೊದಲೇ ಹುಟ್ಟಿದ ಧೂಳಿನಲ್ಲಿ ಬಂದು ಸೇರಿರಬಾರದೇಕೆ? ಈ ಪ್ರಶ್ನೆಯನ್ನು ವಿಜ್ಞಾನಿಗಳೂ ಗಟ್ಟಿಯಾಗಿಯೇ ಕೇಳಿದ್ದರು. ಉತ್ತರ ಖನಿಜಗಳ ರೂಪದಲ್ಲೇ ಇದೆ. ಈ ಬಿಳಿ ತುಣುಕುಗಳಲ್ಲಿ ಹಲವು ಒಂದು ಕಾಲಕ್ಕೆ ಕರಗಿದ ಹನಿಗಳಾಗಿದ್ದವು. ಕರಗಿದಾಗ ಹಳೆಯ ಮೆಗ್ನೀಸಿಯಂ ಎಲ್ಲ ಬೆರೆತು ಒಂದಾಗುತ್ತದೆ. ಅದು ತಣ್ಣಗಾಗಿ ಹರಳು ಕಟ್ಟುವಾಗಲಷ್ಟೇ ಅಲ್ಯೂಮಿನಿಯಂ ಒಂದು ಖನಿಜಕ್ಕೆ, ಮೆಗ್ನೀಸಿಯಂ ಇನ್ನೊಂದಕ್ಕೆ ಹಂಚಿಹೋಯಿತು. ಹಂಚಿಹೋದ ಮೇಲೂ ವ್ಯತ್ಯಾಸ ಬೆಳೆದಿದೆ ಎಂದರೆ, ಹರಳಿನೊಳಗೆ ಅಲ್ಯೂಮಿನಿಯಂ-26 ಇನ್ನೂ ಜೀವಂತವಾಗಿತ್ತು ಎಂದೇ ಅರ್ಥ.

ಈಗ ಮೆಷಿನ್. ಕೆಲಸಕ್ಕೆ ಎರಡು ದಾರಿಗಳಿವೆ. ಕಣವನ್ನು ಆಸಿಡ್‌ನಲ್ಲಿ ಕರಗಿಸಿ ಅಳೆಯುವುದು ಒಂದು, ಇದ್ದಲ್ಲೇ ಅಳೆಯುವುದು ಇನ್ನೊಂದು. ನನಗೆ ಎರಡನೆಯದೇ ಹೆಚ್ಚು ಹತ್ತಿರ, ಅಯಾನು (ವಿದ್ಯುದಂಶ ಇರುವ ಪರಮಾಣು) ಕಿರಣ ಬಿಟ್ಟು ಖನಿಜವನ್ನು ಇದ್ದಲ್ಲೇ ಅಳೆಯುವ ಅಯಾನ್ ಪ್ರೋಬ್ ಎಂಬ ಮೆಷಿನ್ ಮುಂದೆ ಕೂತು ಕೆಲಸ ಮಾಡಿದವನು ನಾನು.

ಉಲ್ಕಾಶಿಲೆಯ ತೆಳು ಚೂರನ್ನು ರಾಳದಲ್ಲಿ ಕೂರಿಸಿ ಕನ್ನಡಿಯ ಹಾಗೆ ಪಾಲಿಶ್ ಮಾಡುತ್ತಾರೆ. ಮೊದಲು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಇಡೀ ಚೂರಿನ ನಕ್ಷೆ ತೆಗೆಯಬೇಕು. ಯಾವುದು ಅನಾರ್ಥೈಟ್, ಯಾವುದು ಮೆಲಿಲೈಟ್, ಎಲ್ಲಿ ಬಿರುಕು, ಎಲ್ಲಿ ನೀರು ತಾಗಿ ಖನಿಜ ಕೆಟ್ಟಿದೆ. ಹೊಸಬರು ಈ ಹಂತದಲ್ಲಿ ಅವಸರ ಮಾಡುತ್ತಾರೆ, ಮೆಷಿನ್ ಮೇಲೆ ಕೂರುವ ಆಸೆ. ನಕ್ಷೆಗೆ ಕೊಟ್ಟ ಸಮಯ ಯಾವತ್ತೂ ದಂಡವಲ್ಲ ಅಂತ ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಅನಾರ್ಥೈಟ್ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸ್ಪಿನೆಲ್ ಹುದುಗಿದ್ದು ಅಯಾನ್ ಕಿರಣ ಅದಕ್ಕೆ ತಾಗಿತೆಂದರೆ, ಅದರ ಮೆಗ್ನೀಸಿಯಂ ಬಂದು ನಿಮ್ಮ ಅನುಪಾತವನ್ನು 300ರಿಂದ ಎಲ್ಲಿಗೋ ಇಳಿಸಿಬಿಡುತ್ತದೆ.

ಆಮೇಲೆ ಚೂರಿಗೆ ಚಿನ್ನದ ಅಥವಾ ಕಾರ್ಬನ್‌ನ ತೆಳು ಲೇಪ ಕೊಟ್ಟು ನಿರ್ವಾತದ ಕೋಣೆಯೊಳಗೆ ಇಡುತ್ತಾರೆ. ಆಕ್ಸಿಜನ್‌ನ ಋಣ ಅಯಾನುಗಳ ಕಿರಣವನ್ನು ಆರಿಸಿಕೊಂಡ ಜಾಗಕ್ಕೆ ಬಿಡುತ್ತಾರೆ. ಆ ಜಾಗದ ಅಗಲ ಕೆಲವು ಮೈಕ್ರಾನ್‌ನಿಂದ ಮೂವತ್ತು ಮೈಕ್ರಾನ್ ತನಕ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಕಿರಣ ಬಿದ್ದಲ್ಲಿಂದ ಪರಮಾಣುಗಳು ಎಗರುತ್ತವೆ, ಅವುಗಳಲ್ಲಿ ಸ್ವಲ್ಪ ಭಾಗ ಧನ ಅಯಾನುಗಳಾಗಿ ಹೊರಡುತ್ತವೆ. ಅವನ್ನು ವೋಲ್ಟೇಜ್ ಕೊಟ್ಟು ಎಳೆದು ದೊಡ್ಡ ಮ್ಯಾಗ್ನೆಟ್ಟಿನ ಮೂಲಕ ಹಾಯಿಸಿದರೆ ಹಗುರದ್ದು ಜಾಸ್ತಿ ಬಾಗುತ್ತದೆ, ಭಾರದ್ದು ಕಡಿಮೆ. ಹೀಗೆ 24, 25, 26, ಜೊತೆಗೆ ಅಲ್ಯೂಮಿನಿಯಂ 27, ಒಂದೊಂದು ಒಂದೊಂದು ಜಾಗಕ್ಕೆ ಹೋಗಿ ಬೀಳುತ್ತವೆ. ಅಲ್ಲಿ ಎಣಿಕೆ.

ಇಷ್ಟು ಹೇಳಿದರೆ ಸುಲಭ ಅನಿಸುತ್ತದೆ ಅಲ್ವಾ. ತೊಂದರೆ ಇಲ್ಲಿಂದ ಶುರು.

ಮೊದಲ ತೊಂದರೆ, ವೇಷ ಹಾಕಿ ಬರುವ ಅಯಾನುಗಳು. ಮೆಗ್ನೀಸಿಯಂ-24 ಒಂದು ಹೈಡ್ರೋಜನ್ ಅಂಟಿಸಿಕೊಂಡರೆ ಅದರ ತೂಕ 25. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಕ್ಯಾಲ್ಸಿಯಂ-48 ಮ್ಯಾಗ್ನೆಟ್ಟಿನ ಕಣ್ಣಿಗೆ 24ರ ಹಾಗೆಯೇ ಕಾಣುತ್ತದೆ. ಅನಾರ್ಥೈಟ್ ಅಂದರೆ ಕ್ಯಾಲ್ಸಿಯಂ ತುಂಬಿದ ಖನಿಜ, ಹಾಗಾಗಿ ಇದನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಪುಣ್ಯಕ್ಕೆ ತೂಕಗಳು ಪೂರ್ಣ ಸಂಖ್ಯೆಗಳಲ್ಲ. ನಿಜವಾದ ಮೆಗ್ನೀಸಿಯಂ-25ರ ತೂಕ 24.986, ವೇಷದ್ದು 24.993. ಮೂರೂವರೆ ಸಾವಿರದಲ್ಲಿ ಒಂದು ಪಾಲಿನ ವ್ಯತ್ಯಾಸವನ್ನು ಬೇರ್ಪಡಿಸುವ ಹಾಗೆ ಮೆಷಿನ್ನಿನ ಸೀಳುಗಂಡಿಗಳನ್ನು ಕಿರಿದು ಮಾಡಿದರೆ ಎರಡೂ ಬೇರೆಯಾಗುತ್ತವೆ. ಕಿರಿದು ಮಾಡಿದಷ್ಟೂ ಒಳಗೆ ಬರುವ ಅಯಾನು ಕಡಿಮೆ. ಈ ಎಳೆದಾಟ ಪ್ರತಿ ದಿನ ಇದ್ದದ್ದೇ.

ಎರಡನೆಯದು ಮೆಷಿನ್ನಿನ ಪಕ್ಷಪಾತ. ಹಗುರ ಐಸೊಟೋಪನ್ನೂ ಭಾರದ್ದನ್ನೂ ಯಾವ ಮೆಷಿನ್ನೂ ಸಮನಾಗಿ ನೋಡುವುದಿಲ್ಲ. ಅಯಾನು ಎಗರುವಲ್ಲಿ, ಸಾಗುವಲ್ಲಿ, ಎಣಿಕೆಯಲ್ಲಿ ಸ್ವಲ್ಪ ಸ್ವಲ್ಪ ವ್ಯತ್ಯಾಸವಾಗಿ ಕೊನೆಗೆ ಸಾವಿರಕ್ಕೆ ಹಲವು ಭಾಗದಷ್ಟು ತಪ್ಪು ಸೇರಿಕೊಳ್ಳುತ್ತದೆ. ನಾವು ಹುಡುಕುವುದು ಸಾವಿರಕ್ಕೆ ಒಂದು ಭಾಗ! ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ತೂಕದ ಯಂತ್ರ ಸ್ವಲ್ಪ ಆಚೀಚೆ ತೋರಿಸುತ್ತಿದೆ, ಅದೂ ಬಿಸಿಲು ಏರಿದ ಹಾಗೆ ಬದಲಾಗುತ್ತಿದೆ ಎಂದುಕೊಳ್ಳಿ. ರಿಪೇರಿಗೆ ಕಾಯಲು ಆಗುವುದಿಲ್ಲ. ಆಗ ಮುದ್ರೆ ಒತ್ತಿದ ಒಂದು ತೂಕದ ಬಟ್ಟನ್ನು ಇಟ್ಟು ನೋಡಿ, ಒಂದು ಕ್ರೇಟ್ ಹಣ್ಣು ತೂಗಿ, ಮತ್ತೆ ಬಟ್ಟು ಇಟ್ಟು ನೋಡಿದರೆ ಆ ಕ್ರೇಟಿನ ನಿಜವಾದ ತೂಕ ಸಿಗುತ್ತದೆ. ನಮ್ಮ ಲ್ಯಾಬಿನಲ್ಲೂ ಇಡೀ ದಿನ ನಡೆಯುವುದು ಇದೇ. ಐಸೊಟೋಪು ಪ್ರಮಾಣ ಮೊದಲೇ ಗೊತ್ತಿರುವ ಖನಿಜವನ್ನು ಸ್ಟ್ಯಾಂಡರ್ಡ್ ಎನ್ನುತ್ತೇವೆ. ಸ್ಟ್ಯಾಂಡರ್ಡ್, ಉಲ್ಕೆ, ಉಲ್ಕೆ, ಮತ್ತೆ ಸ್ಟ್ಯಾಂಡರ್ಡ್.

ಒಂದು ಷರತ್ತಿದೆ. ಪಕ್ಷಪಾತ ಖನಿಜದಿಂದ ಖನಿಜಕ್ಕೆ ಬೇರೆ. ಆದ್ದರಿಂದ ಸ್ಪಿನೆಲ್‌ಗೆ ಸ್ಪಿನೆಲ್ಲೇ ಸ್ಟ್ಯಾಂಡರ್ಡ್ ಆಗಬೇಕು, ಆಲಿವಿನ್‌ಗೆ ಆಲಿವಿನ್. ಬರ್ಮಾದ ಸ್ಪಿನೆಲ್, ಅಮೆರಿಕದ ಅರಿಜೋನಾದ ಸ್ಯಾನ್ ಕಾರ್ಲೋಸ್ ಆಲಿವಿನ್, ಜಪಾನಿನ ಮಿಯಾಕೆಜಿಮಾ ಜ್ವಾಲಾಮುಖಿಯ ಅನಾರ್ಥೈಟ್ ಇವನ್ನೆಲ್ಲ ಲ್ಯಾಬುಗಳು ಜೋಪಾನವಾಗಿ ಇಟ್ಟುಕೊಂಡಿರುವುದು ಇದಕ್ಕೇ. ಅಲ್ಯೂಮಿನಿಯಂ-ಮೆಗ್ನೀಸಿಯಂ ಅನುಪಾತಕ್ಕೂ ಇದೇ ಮಾತು. ಎರಡು ಬೇರೆ ಧಾತುಗಳು ಅಯಾನುಗಳಾಗಿ ಎಗರುವ ಸುಲಭತೆ ಒಂದೇ ಅಲ್ಲ. ಅದನ್ನು ಸ್ಟ್ಯಾಂಡರ್ಡ್‌ನಿಂದ ತಿದ್ದದೆ ಇದ್ದರೆ ಅಡ್ಡ ಗೆರೆಯೇ ತಪ್ಪು, ಇಳಿಜಾರೂ ತಪ್ಪು. ಯಾವುದಾದರೂ ಪ್ರಬಂಧ ಓದುವಾಗ ಫಲಿತಾಂಶಕ್ಕೆ ಮೊದಲು ಅವರು ಯಾವ ಸ್ಟ್ಯಾಂಡರ್ಡ್ ಬಳಸಿದರು ಅಂತ ನೋಡುವುದು ನನ್ನ ಅಭ್ಯಾಸ. ಅದನ್ನು ಎರಡು ಸಾಲಿನಲ್ಲಿ ಮುಗಿಸಿದವರ ಅಂಕಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಇದರ ನಂತರವೂ ಒಂದು ಸಂಶಯ ಉಳಿಯುತ್ತದೆ. ತುಣುಕು ಬಾಹ್ಯಾಕಾಶದಲ್ಲಿ ಕಾದಾಗ ಹಗುರ ಮೆಗ್ನೀಸಿಯಂ ಮೊದಲು ಆವಿಯಾಗಿ ಭಾರದ್ದು ಉಳಿದಿರಬಹುದು. ಆಗಲೂ 26 ಜಾಸ್ತಿ ಕಾಣುತ್ತದೆ. ಇಲ್ಲಿ ಕೈ ಹಿಡಿಯುವುದು ಮೆಗ್ನೀಸಿಯಂ-25. ಅಲ್ಯೂಮಿನಿಯಂ-26 ಬದಲಾಗುವುದರಿಂದ ಅದು ಹೆಚ್ಚುವುದಿಲ್ಲ, ತೂಕದ ಕಾರಣಕ್ಕಾಗಿ ಮಾತ್ರ ಹೆಚ್ಚು ಕಡಿಮೆಯಾಗುತ್ತದೆ. 25 ಎಷ್ಟು ಸರಿದಿದೆಯೋ, ತೂಕದ ಕಾರಣಕ್ಕೆ 26 ಅದರ ಸುಮಾರು ಎರಡರಷ್ಟು ಸರಿಯಬೇಕು. ಅಷ್ಟನ್ನು ಕಳೆದ ಮೇಲೆ ಉಳಿದದ್ದೇ ಅಲ್ಯೂಮಿನಿಯಂನಿಂದ ಬಂದದ್ದು. ಮೂರು ಐಸೊಟೋಪು ಇರುವುದರ ಲಾಭ ಇದು. ಎರಡೇ ಇದ್ದಿದ್ದರೆ ಈ ಜಗಳ ಬಗೆಹರಿಯುತ್ತಲೇ ಇರಲಿಲ್ಲ. ಮೆಗ್ನೀಸಿಯಮ್ಮೇ ಯಾಕೆ ಎಂಬ ನಿಮ್ಮ ಪ್ರಶ್ನೆಗೆ ಇದೂ ಒಂದು ಉತ್ತರ.

"ಸುಮಾರು ಎರಡರಷ್ಟು" ಅಂದೆನಲ್ಲ, ಆ "ಸುಮಾರು" ಒಳಗೇ ಲಕ್ಷ ವರ್ಷ ಅಡಗಿದೆ. ನಿಖರವಾಗಿ ಹೇಳಬೇಕೆಂದರೆ 25 ಎಷ್ಟು ಸರಿದಿದೆಯೋ ಅದನ್ನು ಘಾತ ಎಂಬ ಒಂದು ಸಂಖ್ಯೆಯಿಂದ ಭಾಗಿಸಬೇಕು, ಆಗ ತೂಕದ ಕಾರಣಕ್ಕೆ 26 ಎಷ್ಟು ಸರಿಯಬೇಕು ಎಂದು ಸಿಗುತ್ತದೆ. ಆ ಘಾತ ಎಷ್ಟು ಎಂಬುದು ಪ್ರಕ್ರಿಯೆಯ ಮೇಲೆ ಹೋಗುತ್ತದೆ. ಒಂದು ಬಗೆಯ ಪ್ರಕ್ರಿಯೆಗೆ 0.511, ಇನ್ನೊಂದಕ್ಕೆ 0.521. ಬಿಳಿ ತುಣುಕುಗಳ ಹಾಗಿರುವ ದ್ರವವನ್ನು ಕುಲುಮೆಯಲ್ಲಿ ಆವಿ ಮಾಡಿ ನೋಡಿದವರು 0.513ರ ಆಸುಪಾಸಿನ ಬೆಲೆ ಪಡೆದಿದ್ದಾರೆ. ಒಂದು ತುಣುಕಿನಲ್ಲಿ 25 ಸಾವಿರಕ್ಕೆ ಹತ್ತು ಭಾಗ ಸರಿದಿದೆ ಎನ್ನಿ. 0.511ರಿಂದ ಭಾಗಿಸಿದರೆ 19.57. 0.514ರಿಂದ ಭಾಗಿಸಿದರೆ 19.46. ವ್ಯತ್ಯಾಸ 0.11. ಅನಾರ್ಥೈಟ್‌ಗೆ ಇದು ಲೆಕ್ಕಕ್ಕೇ ಇಲ್ಲ, ಅಲ್ಲಿ ಹುಡುಕುವುದೇ ಸಾವಿರಕ್ಕೆ 112. ಆದರೆ ಸ್ಪಿನೆಲ್‌ನಲ್ಲಿ ಹುಡುಕುವುದು 0.93 ಮಾತ್ರ. ಅದರಲ್ಲಿ 0.11 ಅಂದರೆ ಶೇ. 12. ಅರ್ಧಾಯುವಿನ ಲೆಕ್ಕ ಹಾಕಿದರೆ ಶೇ. 10ರ ತಪ್ಪಿಗೆ ವಯಸ್ಸಿನಲ್ಲಿ ಸುಮಾರು ಒಂದು ಲಕ್ಷ ವರ್ಷದ ತಪ್ಪು. ಒಂದು ಲಕ್ಷ ವರ್ಷದ ವ್ಯತ್ಯಾಸ ಕಂಡುಹಿಡಿದೆ ಎಂದು ಯಾರಾದರೂ ಹೇಳಿದರೆ, ಅವರು ಈ ಘಾತವನ್ನು ಹೇಗೆ ಆರಿಸಿದರು ಅಂತ ಕೇಳಲೇಬೇಕು.

ಇನ್ನು ಎಣಿಕೆ. ಹತ್ತು ಲಕ್ಷ ಅಯಾನು ಎಣಿಸಿದರೆ ಅದರ ಸಹಜ ಏರಿಳಿತ ವರ್ಗಮೂಲದಷ್ಟು, ಅಂದರೆ ಒಂದು ಸಾವಿರ. ಸಾವಿರಕ್ಕೆ ಒಂದು ಭಾಗದ ನಿಖರತೆ. ಹತ್ತು ಸಾವಿರಕ್ಕೆ ಒಂದು ಬೇಕೆಂದರೆ ಹತ್ತು ಕೋಟಿ ಎಣಿಸಬೇಕು. ಅನಾರ್ಥೈಟ್‌ನಲ್ಲಿ ಮೆಗ್ನೀಸಿಯಂ ಬಹಳ ಕಡಿಮೆ ಇರುವುದರಿಂದ ಅಲ್ಲಿ ನಿಖರತೆ ಕಡಿಮೆ, ಆದರೆ ಹುಡುಕುವ ಪರಿಣಾಮ ದೊಡ್ಡದು. ಸ್ಪಿನೆಲ್‌ನಲ್ಲಿ ಅದರ ತಿರುಗುಮುರುಗು. ಅದಕ್ಕೇ ಗೆರೆಯ ಎರಡೂ ತುದಿ ಬೇಕು. ಒಂದೇ ಖನಿಜ ಅಳೆದು ಗೆರೆ ಎಳೆದರೆ ಅದಕ್ಕೆ ನಾನು ಬೆಲೆ ಕೊಡುವುದಿಲ್ಲ.

ಕರಗಿಸುವ ದಾರಿಯನ್ನು ಬೇಗ ಹೇಳುತ್ತೇನೆ. ಕಣವನ್ನು ಹೈಡ್ರೋಫ್ಲೋರಿಕ್ ಮತ್ತು ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸಿ, ರಾಳ ತುಂಬಿದ ಕೊಳವೆಯಲ್ಲಿ ಹಾಯಿಸಿ ಮೆಗ್ನೀಸಿಯಂ ಒಂದನ್ನೇ ಬೇರೆ ಮಾಡಿ, ಆರ್ಗಾನ್ ಪ್ಲಾಸ್ಮಾದಲ್ಲಿ ಅಯಾನು ಮಾಡಿ ಅಳೆಯುತ್ತಾರೆ. ಇಲ್ಲಿ ಹೋಲಿಕೆಗೆ ಮೃತ ಸಮುದ್ರದ ನೀರಿನಿಂದ ತೆಗೆದ ಶುದ್ಧ ಮೆಗ್ನೀಸಿಯಂ ಬಳಸುತ್ತಾರೆ. ನಿಖರತೆ ಲಕ್ಷಕ್ಕೆ ಒಂದು ಭಾಗದ ಮಟ್ಟಕ್ಕೆ ಹೋಗುತ್ತದೆ, ಅಯಾನ್ ಪ್ರೋಬ್‌ಗಿಂತ ಎಷ್ಟೋ ಮೇಲು. ಆದರೆ ಕೊಳವೆಯಲ್ಲಿ ಮೆಗ್ನೀಸಿಯಂ ಸ್ವಲ್ಪ ಉಳಿದುಹೋದರೂ ಐಸೊಟೋಪು ಸರಿದುಬಿಡುತ್ತದೆ, ಪೂರ್ತಿ ಹೊರಗೆ ಬಂತು ಎಂದು ಪ್ರತಿ ಸಲ ಖಚಿತ ಮಾಡಿಕೊಳ್ಳಬೇಕು. ಎಲ್ಲಕ್ಕಿಂತ ದೊಡ್ಡ ನಷ್ಟ ಅಂದರೆ ಕರಗಿಸಿದ ಮೇಲೆ ಯಾವ ಖನಿಜ ಯಾವುದರ ಪಕ್ಕದಲ್ಲಿತ್ತು ಎಂಬ ಮಾಹಿತಿ ಹೋಯಿತು. ಕಲ್ಲಿನ ಕಥೆ ಇರುವುದು ಆ ಅಕ್ಕಪಕ್ಕದಲ್ಲೇ.

ಇಷ್ಟೆಲ್ಲ ಮಾಡಿ ಏನು ಸಿಕ್ಕಿತು? ಬಿಳಿ ತುಣುಕುಗಳು ಮೊದಲು. ಕಾಂಡ್ರೂಲ್ ಎಂಬ ಸಣ್ಣ ದುಂಡು ಕಣಗಳು ಹೆಚ್ಚಿನವು ಹತ್ತು-ಮೂವತ್ತು ಲಕ್ಷ ವರ್ಷ ತಡ. ಮಕ್ಕಳಿಗೆ ಲೆಕ್ಕ ಕೊಡಿ: ಒಂದು ಕಾಂಡ್ರೂಲ್‌ನಲ್ಲಿ ಅಲ್ಯೂಮಿನಿಯಂ-26 ಲಕ್ಷಕ್ಕೆ 0.65 ಎಂದು ಬಂದರೆ ಅದು ಎಷ್ಟು ತಡ? 5.2, 2.6, 1.3, 0.65. ಮೂರು ಅರ್ಧಾಯು, ಇಪ್ಪತ್ತೊಂದೂವರೆ ಲಕ್ಷ ವರ್ಷ. ಎಂಟನೇ ಕ್ಲಾಸಿನವರೂ ಮಾಡಬಹುದು.

ಯೂರಿ ಹೇಳಿದ ಶಾಖದ ಮಾತಿಗೆ ಒಂದು ಒಳ್ಳೆಯ ಸಾಕ್ಷಿ ಸಿಕ್ಕಿದ್ದು ನಮ್ಮ ದೇಶದಲ್ಲೇ. 1996ರ ಜೂನ್‌ನಲ್ಲಿ ರಾಜಸ್ಥಾನದ ಪಿಪಲಿಯಾ ಕಲಾಂ ಎಂಬಲ್ಲಿ ಒಂದು ಉಲ್ಕಾಶಿಲೆ ಬಿತ್ತು. ಅದು ಯೂಕ್ರೈಟ್, ಅಂದರೆ ಕರಗಿ ಲಾವಾ ಹರಿದಿದ್ದ ಕ್ಷುದ್ರಗ್ರಹದ ಚೂರು. ಅಹಮದಾಬಾದಿನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿಯಲ್ಲಿ ಶ್ರೀನಿವಾಸನ್, ಜಿತೇಂದ್ರನಾಥ ಗೋಸ್ವಾಮಿ, ನರೇಂದ್ರ ಭಂಡಾರಿ ಅದರ ಪ್ಲೇಜಿಯೋಕ್ಲೇಸ್ ಖನಿಜವನ್ನು ಅಯಾನ್ ಪ್ರೋಬ್‌ನಲ್ಲಿ ಅಳೆದು 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಹತ್ತು ಲಕ್ಷ ಅಲ್ಯೂಮಿನಿಯಂ-27ಕ್ಕೆ 0.75 ಅಲ್ಯೂಮಿನಿಯಂ-26. ಬಿಳಿ ತುಣುಕುಗಳಿಗಿಂತ 40 ಲಕ್ಷ ವರ್ಷಕ್ಕೂ ಜಾಸ್ತಿ ತಡ, ಆದರೂ ಅಲ್ಯೂಮಿನಿಯಂ-26 ಇನ್ನೂ ಸ್ವಲ್ಪ ಇತ್ತು. ಕರಗಿದ ಕಾಯದಲ್ಲೇ ಅದು ಸಿಕ್ಕಿದ್ದು ದೊಡ್ಡ ವಿಷಯ. ಈ ಗೋಸ್ವಾಮಿಯವರೇ ಆಮೇಲೆ ಚಂದ್ರಯಾನ-1ರ ಪ್ರಧಾನ ವಿಜ್ಞಾನಿ. ಮಕ್ಕಳಿಗೆ ಇದನ್ನು ಖಂಡಿತ ಹೇಳಿ.

ಎಲ್ಲವೂ ಬಗೆಹರಿದಿದೆ ಅಂದುಕೊಳ್ಳಬೇಡಿ. ಈ ಲೆಕ್ಕವೆಲ್ಲ ನಿಂತಿರುವುದು ಆದಿಯ ಮೋಡದಲ್ಲಿ ಅಲ್ಯೂಮಿನಿಯಂ-26 ಎಲ್ಲ ಕಡೆ ಸಮನಾಗಿ ಬೆರೆತಿತ್ತು ಎಂಬ ನಂಬಿಕೆಯ ಮೇಲೆ. ಕೆಲವು ವಿಚಿತ್ರ ಬಿಳಿ ತುಣುಕುಗಳಿವೆ, ನೋಡಿದರೆ ಬಹಳ ಹಳೆಯವು, ಆದರೆ ಅವುಗಳಲ್ಲಿ ಅಲ್ಯೂಮಿನಿಯಂ-26 ತೀರಾ ಕಡಿಮೆ. ಅವು ತಡವಾಗಿ ಹುಟ್ಟಿದವಾ, ಇಲ್ಲ ಅಲ್ಯೂಮಿನಿಯಂ-26 ಬಂದು ಬೆರೆಯುವ ಮೊದಲೇ ಹುಟ್ಟಿದವಾ? ಎರಡನೆಯದೇ ಹೆಚ್ಚು ಒಪ್ಪುವಂತಿದೆ ಎಂದು ನನಗನಿಸುತ್ತದೆ. ಹಾಗಾಗಿ ಯಾವ ಕಣದ ವಯಸ್ಸನ್ನೂ ಮೆಗ್ನೀಸಿಯಂ ಒಂದರಿಂದಲೇ ತೀರ್ಮಾನಿಸಬಾರದು, ಸೀಸದ ಲೆಕ್ಕವೂ ಪಕ್ಕದಲ್ಲಿ ಇರಬೇಕು.

ಕೋಲಾರದ ಬಂಡೆಗೆ ಬರೋಣ. ಚಿನ್ನದ ಗಣಿಯ ಪಟ್ಟಿಯ ಬಂಡೆಗಳು ಸುಮಾರು 270 ಕೋಟಿ ವರ್ಷ ಹಳೆಯವು. ಭೂಮಿಯ ಲೆಕ್ಕದಲ್ಲಿ ಬಹಳ ಹಳೆಯವು, ಆದರೆ ಈ ಗಡಿಯಾರಕ್ಕೆ ತೀರಾ ತಡ. ಅಷ್ಟು ಹೊತ್ತಿಗೆ ಅಲ್ಯೂಮಿನಿಯಂ-26 ಎರಡೂವರೆ ಸಾವಿರಕ್ಕೂ ಹೆಚ್ಚು ಅರ್ಧಾಯು ಕಳೆದು, ಹೇಳಹೆಸರಿಲ್ಲದಂತೆ ಹೋಗಿತ್ತು. ನಮ್ಮ ಬಂಡೆಯ ಅನಾರ್ಥೈಟ್‌ನಲ್ಲಿ ಅಲ್ಯೂಮಿನಿಯಂ ಎಷ್ಟೇ ಇದ್ದರೂ ಗೆರೆ ಪೂರ್ತಿ ಮಲಗಿರುತ್ತದೆ. ಮೆಷಿನ್ ಸರಿ ಇದೆಯಾ ಎಂದು ನೋಡಲು ಇಂಥ ಕಲ್ಲೇ ಬೇಕು: ಅದರಲ್ಲಿ ಜಾಸ್ತಿ ಏನಾದರೂ ಕಂಡರೆ ತಪ್ಪು ಮೆಷಿನ್ನಿನದೇ.

ಒಂದು ಸ್ವಾರಸ್ಯ ಇದೆ. ಆವಣಿ ಬೆಟ್ಟದಂಥ ಬೋಳು ಬಂಡೆಯ ಮೇಲ್ಮೈಯಲ್ಲಿ ಇವತ್ತಿಗೂ ಹೊಸ ಅಲ್ಯೂಮಿನಿಯಂ-26 ಹುಟ್ಟುತ್ತಿದೆ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣ ಬೆಣಚುಕಲ್ಲಿನ ಸಿಲಿಕಾನ್‌ಗೆ ಬಡಿದು, ಒಂದು ಗ್ರಾಮಿನಲ್ಲಿ ವರ್ಷಕ್ಕೆ ಕೆಲವು ಹತ್ತು ಪರಮಾಣುಗಳು. ಅದನ್ನು ಆಕ್ಸಿಲರೇಟರ್ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ, ಅತಿ ವಿರಳ ಪರಮಾಣುಗಳನ್ನೂ ಎಣಿಸಬಲ್ಲ ಮೆಷಿನ್ನಿನಲ್ಲಿ ನೇರವಾಗಿ ಎಣಿಸಿ, ಬಂಡೆ ಎಷ್ಟು ಕಾಲದಿಂದ ಆಕಾಶಕ್ಕೆ ತೆರೆದುಕೊಂಡಿದೆ ಎಂದು ಹೇಳುತ್ತಾರೆ. ಅದು ಬೇರೆಯೇ ಕೆಲಸ, ಮೆಗ್ನೀಸಿಯಂ ಅಲ್ಲಿ ಬರುವುದಿಲ್ಲ.

ನಿಮಗೆ ಹತ್ತಿರದ ಉಲ್ಕೆಯೂ ಇದೆ. 2008ರ ಸೆಪ್ಟೆಂಬರ್ 12ರಂದು ಹೊಸೂರಿನ ಆಚೆ ಶೂಲಗಿರಿಯಲ್ಲಿ ನೂರು ಕಿಲೋಗೂ ಜಾಸ್ತಿ ತೂಕದ ಉಲ್ಕಾಶಿಲೆ ಬಿತ್ತು. ಆದರೆ ಅದು ಆರನೇ ದರ್ಜೆಯದು, ಅಂದರೆ ತಾಯಿ ಕಾಯದ ಒಳಗೆ ಬಹಳ ಕಾಲ ಚೆನ್ನಾಗಿ ಕಾದದ್ದು. ಕಾದಾಗ ಖನಿಜಗಳ ನಡುವೆ ಮೆಗ್ನೀಸಿಯಂ ಓಡಾಡಿ ವ್ಯತ್ಯಾಸ ಅಳಿಸಿಹೋಗುತ್ತದೆ. ಕಾಯದ ಶಾಖದ ಚರಿತ್ರೆ ತಿಳಿಯಲು ಅಂಥ ಕಲ್ಲು ಒಳ್ಳೆಯದು, ಮೊದಲ ಲಕ್ಷ ವರ್ಷಗಳ ಲೆಕ್ಕಕ್ಕೆ ಒದಗುವುದಿಲ್ಲ.

ಕೊನೆಗೆ ಹುಡುಗನ ಕಲ್ಲು. ಭಾರ, ಕಪ್ಪು ಇಷ್ಟರಿಂದಲೇ ಉಲ್ಕೆ ಅನ್ನಲು ಆಗುವುದಿಲ್ಲ. ನಿಮ್ಮ ಕಡೆ ಕರಿಕಲ್ಲಿನ ಡೈಕುಗಳು (ಹಳೆಯ ಬಂಡೆಯ ಬಿರುಕಿಗೆ ನುಗ್ಗಿ ಗಟ್ಟಿಯಾದ ಪಟ್ಟಿಗಳು) ಬೇಕಾದಷ್ಟಿವೆ, ಕಬ್ಬಿಣದ ಅದಿರಿನ ಕಲ್ಲೂ ಸಿಗುತ್ತದೆ, ಹಿಂದೆ ಕಬ್ಬಿಣ ಕರಗಿಸಿದ ಜಾಗದ ಕಿಟ್ಟವೂ ಕೆರೆಗೆ ಕೊಚ್ಚಿ ಬಂದಿರಬಹುದು. ಮೈತುಂಬ ಗುಳ್ಳೆಯ ತೂತುಗಳಿದ್ದರೆ ಬಹುಮಟ್ಟಿಗೆ ಕಿಟ್ಟವೇ. ಅದಕ್ಕೆ ಬಲವಾದ ಮ್ಯಾಗ್ನೆಟ್ ತಾಗಿಸಬೇಡಿ, ನಿಜವಾದ ಉಲ್ಕೆಯೇ ಆಗಿದ್ದರೆ ಅದರಲ್ಲಿ ಉಳಿದಿರಬಹುದಾದ ಹಳೆಯ ಕಾಂತೀಯ ಗುರುತು ಅಳಿಸಿಹೋಗುತ್ತದೆ. ದಾರದಲ್ಲಿ ಸಣ್ಣ ಮ್ಯಾಗ್ನೆಟ್ ಇಳಿಬಿಟ್ಟು, ತಾಗಿಸದೆ ಹತ್ತಿರ ತಂದು ನೋಡಿದರೆ ಸಾಕು. ಆಮೇಲೆ ಗೋಡೆಯ ಟೈಲ್ಸ್‌ನ ಹಿಂಬದಿಯ ಒರಟು ಮೈಮೇಲೆ ಕಲ್ಲಿನ ಮೂಲೆಯಿಂದ ಗೀಚಲಿ. ಗೆರೆ ಕೆಂಪಾಗಿ ಬಂದರೆ ಹೆಮಟೈಟ್, ಕಪ್ಪಾಗಿ ಬಂದರೆ ಮ್ಯಾಗ್ನೆಟೈಟ್, ಎರಡೂ ಕಬ್ಬಿಣದ ಅದಿರು. ಗೆರೆಯೇ ಬೀಳದೆ, ಮ್ಯಾಗ್ನೆಟ್ ಎಳೆದು, ಹೊರಗೆ ತೆಳುವಾದ ಕಪ್ಪು ಸುಟ್ಟ ಸಿಪ್ಪೆ, ಮುರಿದ ಕಡೆ ಬೂದು ಮೈಯಲ್ಲಿ ಲೋಹದ ಮಿನುಗು ಕಂಡರೆ, ಒಡೆಯದೆ, ತೊಳೆಯದೆ, ಸಿಕ್ಕ ಜಾಗ ಗುರುತು ಹಾಕಿಕೊಂಡು ಬೆಂಗಳೂರಿನ ಜಿಯಾಲಾಜಿಕಲ್ ಸರ್ವೇ ಕಚೇರಿಗೆ ಬರೆಯಿರಿ. ಈಚೆಗೆ ಬಿದ್ದ ಉಲ್ಕೆಯಾದರೆ ಅದರಲ್ಲಿ ಬಾಹ್ಯಾಕಾಶದಲ್ಲಿದ್ದಾಗ ಹುಟ್ಟಿದ ಹೊಸ ಅಲ್ಯೂಮಿನಿಯಂ-26 ಇನ್ನೂ ಇರುತ್ತದೆ, ಅದರ ಗಾಮಾ ಕಿರಣವನ್ನು ಕಲ್ಲು ಕೊಯ್ಯದೆಯೇ ಎಣಿಸಬಹುದು.